ಕ್ರಿಸ್ಮಸ್ ಹಬ್ಬವೂ ಮನೆಯ ಲೆಕ್ಕವೂ

ಹಬ್ಬಗಳು ಮನುಷ್ಯನ ಸಂತೋಷಕ್ಕಾಗಿ ಏರ್ಪಟ್ಟವು. ಆದರೆ ಹಬ್ಬ ಕಳೆದ ಮರುವಾರವೇ ಯಜಮಾನನು ಅಂಗಡಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮೌನವಾಗಿ ಕುಳಿತಿರುವುದೂ, ಗೃಹಿಣಿಯು ತಾನೇ ಅಪರಾಧಿಯೆಂಬಂತೆ ಅಡಿಗೆಯ ಮನೆಯಿಂದ ಹೊರಗೆ ಬಾರದಿರುವುದೂ ಎಷ್ಟೋ ಸಂಸಾರಗಳಲ್ಲಿ ಕಾಣಬರುವ ಸಂಗತಿ. ಆ ಮೌನದಲ್ಲಿ ಹಬ್ಬದ ಸಂತೋಷವೆಲ್ಲ ಕರಗಿ ಹೋಗುತ್ತದೆ. ದುಂದುಗಾರರ ಮನೆಯಲ್ಲಿ ಮಾತ್ರವೇ ಹೀಗಾಗುವುದೆಂದು ತಿಳಿಯಬಾರದು. ಹನ್ನೊಂದು ತಿಂಗಳು ಕಾಸಿಗೆ ಕಾಸು ಕೂಡಿಸಿ ಸಂಸಾರ ತೂಗಿಸುವವರೂ ಡಿಸೆಂಬರ್ ತಿಂಗಳಲ್ಲಿ ಕೈಜಾರುವರು. ಅದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮಲ್ಲಿ ಯುಗಾದಿ, ಚೌತಿ, ದೀಪಾವಳಿಗಳು ಚಂದ್ರನ ಗತಿಯನ್ನನುಸರಿಸಿ ವರ್ಷಂಪ್ರತಿ ಹಿಂದುಮುಂದಾಗುತ್ತವೆ. ರಂಜಾನು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಕ್ರಿಸ್ಮಸ್ಸಾದರೋ ಡಿಸೆಂಬರ್ 25ರಿಂದ ಕದಲುವುದಿಲ್ಲ. ಆದುದರಿಂದ ಅದರ ವೆಚ್ಚವು ಅನಿರೀಕ್ಷಿತವಾಗಿ ಬಂದಿತೆಂದು ಹೇಳುವಂತಿಲ್ಲ. ತೊಡಕು ಇರುವುದು ಬೇರೊಂದು ಕಡೆಯಲ್ಲಿ. ಆ ದಿನವು ತಿಂಗಳ ಕೊನೆಯಲ್ಲಿ ಬೀಳುತ್ತದೆ. ನವೆಂಬರಿನ ಕೊನೆಗೋ ಡಿಸೆಂಬರಿನ ಮೊದಲಿಗೋ ಕೈಸೇರಿದ ಸಂಬಳವು ಬಾಡಿಗೆ, ಹಾಲು, ವಿದ್ಯುತ್ತು, ಮಕ್ಕಳ ವಾಹನ ಎಂದು ಹಂಚಿಹೋಗಿ, 20ನೆಯ ತಾರೀಕಿನ ಹೊತ್ತಿಗೆ ಕೈಚೀಲವು ತೆಳ್ಳಗಾಗಿರುತ್ತದೆ. ವರ್ಷದ ದೊಡ್ಡ ವೆಚ್ಚವು ಬಾಗಿಲು ತಟ್ಟುವುದು ಆಗಲೇ. ಹಬ್ಬದ ಸಾಲವು ಹೆಚ್ಚಾಗಿ ಹುಟ್ಟುವುದು ಆ ಕೊನೆಯ ಐದು ದಿನಗಳಲ್ಲಿ.

ಮಂಗಳೂರು, ಉಡುಪಿಗಳ ಕ್ರೈಸ್ತ ಮನೆಗಳ ಪದ್ಧತಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹಬ್ಬದ ತಿಂಡಿಗಳನ್ನೆಲ್ಲ ಒಟ್ಟಾಗಿ ಕೊಂಕಣಿಯಲ್ಲಿ ಕುಸ್ವಾರ್ ಎನ್ನುವರು. ನಮ್ಮ ಕರ್ಜಿಕಾಯಿಯನ್ನು ಹೋಲುವ ನೆವ್ರ್ಯೊ, ಹುಳುವಿನ ಆಕಾರದಿಂದ ಹೆಸರು ಪಡೆದ ಕಿಡಿಯೊ, ಗೋಲಿಯಂಥ ಗುಳಿಯೊ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಕೊಕ್ಕಿಸಾಂ, ಇವುಗಳ ಜೊತೆಗೆ ತುಕ್ಡಿ, ಚಕ್ಕುಲಿ, ಲಾಡು, ಒಣಹಣ್ಣಿನ ಕೇಕು. ಇವು ಮನೆಯವರು ಉಂಡು ಮುಗಿಸುವುದಕ್ಕಾಗಿ ಮಾಡಿದುವಲ್ಲ. ತಟ್ಟೆಗಳಲ್ಲಿ ಜೋಡಿಸಿ, ಬಟ್ಟೆ ಮುಚ್ಚಿ, ನೆರೆಹೊರೆಯ ಎಲ್ಲ ಮತದವರಿಗೂ ಕಳುಹಿಸತಕ್ಕವು. ಚೌತಿಗೆ ಉಂಡೆ ಚಕ್ಕುಲಿ ಕಳುಹಿಸಿದ ಮನೆಗೆ, ರಂಜಾನಿಗೆ ಸಿಹಿ ಕಳುಹಿಸಿದ ಮನೆಗೆ, ಕ್ರಿಸ್ಮಸ್ಸಿಗೆ ತಟ್ಟೆ ಹೋಗದಿದ್ದರೆ ಗೃಹಿಣಿಗೆ ತಲೆಯೆತ್ತಿ ನಡೆಯುವುದು ಕಷ್ಟ. ಬಡತನವಿದ್ದರೂ ಆ ಒಂದು ದಿನ ಕೊಡುವ ಕೈ ತನ್ನದಾಗಿರಬೇಕೆಂಬುದು ಅವಳ ಮಾನದ ಪ್ರಶ್ನೆ. ಹೀಗಿರಲು ಅವಳನ್ನು ಕುರಿತು "ಖರ್ಚು ಕಡಿಮೆ ಮಾಡು" ಎಂದಷ್ಟೇ ಹೇಳುವುದು ಬುದ್ಧಿವಾದವಲ್ಲ. ತಟ್ಟೆಯನ್ನು ಉಳಿಸಿಕೊಂಡು ಲೆಕ್ಕವನ್ನೂ ಉಳಿಸಿಕೊಳ್ಳುವ ಉಪಾಯವನ್ನು ಹೇಳಬೇಕು.

ಮೊದಲನೆಯ ಉಪಾಯವು ದಿನ ಗೊತ್ತುಮಾಡಿಕೊಳ್ಳುವುದು. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವು ನವೆಂಬರ್ 27ಕ್ಕೂ ಡಿಸೆಂಬರ್ 3ಕ್ಕೂ ನಡುವೆ ಆರಂಭವಾಗುತ್ತದೆ. ಸಂಬಳ ಕೈಸೇರುವುದೂ ಸರಿಸುಮಾರು ಅದೇ ವಾರದಲ್ಲಿ. ಆ ಭಾನುವಾರ ಸಾಯಂಕಾಲ ಗಂಡಹೆಂಡಿರಿಬ್ಬರೂ, ತಿಳಿವಳಿಕೆ ಬಂದ ಮಕ್ಕಳಿದ್ದರೆ ಅವರೂ, ಒಟ್ಟಿಗೆ ಕುಳಿತು ಲೆಕ್ಕ ಬರೆಯಲಿ. ಒಬ್ಬರೇ ಬರೆದ ಲೆಕ್ಕವನ್ನು ಮತ್ತೊಬ್ಬರು ಅರಿಯದೆಯೇ ಮುರಿಯುವರು. ತಿಂಗಳ ಸಾಮಾನ್ಯ ದಿನಸಿಗೆ ಬೇಕಾದ ಹಣವನ್ನು ಮೊದಲು ತೆಗೆದು ಬೇರೆ ಇಡಬೇಕು. ಹಬ್ಬದ ಹಣ ಬೇರೆ ಲಕೋಟೆಯಲ್ಲಿರಬೇಕು. ಎರಡೂ ಒಂದೇ ಚೀಲದಲ್ಲಿದ್ದರೆ ದ್ರಾಕ್ಷಿ ಗೋಡಂಬಿಗಳು ಅಕ್ಕಿ ಬೇಳೆಗಳನ್ನು ನುಂಗಿಬಿಡುವುವು.

ಉದಾಹರಣೆಗಾಗಿ, ನಾಲ್ವರಿರುವ ಒಂದು ಮನೆಯವರು ಹಬ್ಬದ ದಿನಸಿಗೆ 4,500 ರೂಪಾಯಿ ಕೊಡಬಲ್ಲರೆಂದು ಭಾವಿಸೋಣ. ಕುಸ್ವಾರಿಗೆ 1,800, ಹಬ್ಬದ ಊಟಕ್ಕೆ 1,500, ಬಡವರಿಗೆ ಕೊಡುವ ಪಾಲು 700, ಮರೆತುಹೋದ ಸಾಮಾನಿಗೂ ಹೇಳದೆ ಬಂದ ನೆಂಟರಿಗೂ 500. ಮೊತ್ತವು ಅವರವರ ಶಕ್ತ್ಯನುಸಾರ ಹೆಚ್ಚುಕಡಿಮೆಯಾಗಬಹುದು. ಆದರೆ ಕೊನೆಯ ಬಾಬನ್ನು ಮಾತ್ರ ಯಾರೂ ಬಿಡಲಾಗದು. ಅದಿಲ್ಲದ ಅಂದಾಜು ಮೊದಲನೆಯ ನೆಂಟನೊಡನೆಯೇ ಮುರಿದುಬೀಳುತ್ತದೆ.

ಎರಡನೆಯ ಉಪಾಯವೇ ಮುಖ್ಯವಾದುದು. ತಿಂಡಿಗಳ ಪಟ್ಟಿಗೆ ಮುಂಚೆ ತಟ್ಟೆಗಳ ಪಟ್ಟಿಯನ್ನು ಮಾಡಬೇಕು. ಸಾಮಾನ್ಯವಾಗಿ ಇಂಥಿಂಥ ತಿಂಡಿಗಳಾಗಬೇಕೆಂದು ನಿಶ್ಚಯಿಸಿ, ಕೈಗೆ ತೋರಿದಷ್ಟು ಹಿಟ್ಟು ತಂದು, ಕಡೆಗೆ ಸಾಲದೆ ಹೋದಾಗ ಪುನಃ ಅಂಗಡಿಗೆ ಓಡುವರು. ಇಲ್ಲವೆ ಮಿಕ್ಕುದು ಡಬ್ಬಿಯಲ್ಲಿ ಜನವರಿಯವರೆಗೂ ಉಳಿದು ಕಮಟು ಹಿಡಿಯುವುದು. ಅದಕ್ಕೆ ಬದಲಾಗಿ, ಎಷ್ಟು ಮನೆಗಳಿಗೆ ಕಳುಹಿಸಬೇಕೆಂಬುದನ್ನು ಹೆಸರು ಹೆಸರಾಗಿ ಬರೆಯಿರಿ. ಇಪ್ಪತ್ತು ಮನೆಗಳಾದರೆ, ತಟ್ಟೆಗೆ ಮೂರು ನೆವ್ರ್ಯೊಗಳಂತೆ ಅರವತ್ತು, ಮನೆಗೂ ಅತಿಥಿಗಳಿಗೂ ಮೂವತ್ತು, ಒಟ್ಟು ತೊಂಬತ್ತು. ಹಿಟ್ಟು, ಸಕ್ಕರೆ, ತೆಂಗಿನಕಾಯಿಗಳ ಪ್ರಮಾಣವು ಆ ತೊಂಬತ್ತನ್ನು ಹಿಂಬಾಲಿಸಬೇಕು.

ಮನೆಗಳ ಸಂಖ್ಯೆಯಲ್ಲಿ ಒಂದನ್ನೂ ಕಡಿಮೆ ಮಾಡಬೇಡಿರಿ, ತಿಂಡಿಗಳ ಬಗೆಯಲ್ಲಿ ಬೇಕಾದಷ್ಟು ಕಡಿಮೆ ಮಾಡಿರಿ. ತಟ್ಟೆಯಲ್ಲಿ ಎಂಟು ಬಗೆಯಿದ್ದುದಕ್ಕಾಗಿ ಯಾವ ನೆರೆಯವರೂ ಹೆಚ್ಚು ಪ್ರೀತಿಸಿದುದಿಲ್ಲ, ನಾಲ್ಕು ಬಗೆಯಿದ್ದುದಕ್ಕಾಗಿ ಯಾರೂ ಮುನಿದುದಿಲ್ಲ. ತಟ್ಟೆ ಬಾರದೆ ಹೋದರೆ ಮಾತ್ರ ಮನಸ್ಸಿಗೆ ನೋವಾಗುತ್ತದೆ. ಆ ನಾಲ್ಕರಲ್ಲಿಯೂ ವಿವೇಕ ಬೇಕು. ಕಿಡಿಯೊ, ಗುಳಿಯೊಗಳಿಗೆ ಹಿಟ್ಟು, ತೆಂಗಿನ ಹಾಲು, ಸಕ್ಕರೆ ಅಥವಾ ಬೆಲ್ಲವಿದ್ದರೆ ಸಾಕು. ಇವು ತಟ್ಟೆಯನ್ನು ತುಂಬುವ ತಿಂಡಿಗಳು. ಗೋಡಂಬಿ, ದ್ರಾಕ್ಷಿಗಳು ಬೀಳುವ ನೆವ್ರ್ಯೊ, ಮೊಟ್ಟೆ ಬೆಣ್ಣೆಗಳು ಬೇಕಾಗುವ ಕೇಕು, ಇವು ತಟ್ಟೆಗೆ ಶೋಭೆ ಕೊಡುವ ತಿಂಡಿಗಳು. ಮೊದಲಿನವು ಧಾರಾಳವಾಗಿರಲಿ, ಎರಡನೆಯವು ಎಣಿಕೆಯಲ್ಲಿರಲಿ. ಕೇಕಿಗೆ ಬೆಲೆಬಾಳುವ ಚೆರಿಹಣ್ಣೇ ಆಗಬೇಕೆಂಬ ನಿಯಮವಿಲ್ಲ. ಪಪ್ಪಾಯಿಕಾಯಿಯಿಂದ ಮಾಡಿದ ಟೂಟಿಫ್ರೂಟಿಯೂ ಸಕ್ಕರೆಯಲ್ಲಿ ಬೇಯಿಸಿದ ಕಿತ್ತಳೆಯ ಸಿಪ್ಪೆಯೂ ಸಾಕು. ಕಪ್ಪುಬಣ್ಣಕ್ಕೆ ಕಂದಿಸಿದ ಸಕ್ಕರೆಯ ಪಾಕವಿದೆಯಷ್ಟೆ.

ಕುಸ್ವಾರಿನಲ್ಲಿ ಕಣ್ಣಿಗೆ ಬೀಳದ ವೆಚ್ಚವೆಂದರೆ ಎಣ್ಣೆ. ಇವುಗಳಲ್ಲಿ ಹೆಚ್ಚಿನವು ಕರಿದ ತಿಂಡಿಗಳೇ. ದಿನಕ್ಕೊಂದರಂತೆ ಬಾಣಲೆಯಿಟ್ಟರೆ ಪ್ರತಿದಿನವೂ ಹೊಸ ಎಣ್ಣೆ ಬೇಕಾಗುತ್ತದೆ, ಇಲ್ಲವೆ ಹಳೆಯದನ್ನೇ ಮತ್ತೆ ಮತ್ತೆ ಕಾಯಿಸಿ ಆರೋಗ್ಯಕ್ಕೆ ಕೇಡು ತಂದುಕೊಳ್ಳಬೇಕಾಗುತ್ತದೆ. ಒಂದೇ ದಿನದಲ್ಲಿ ಎರಡು ಮೂರು ಬಗೆಗಳನ್ನು ಕರಿಯುವುದು ಮೇಲು. ಮೊದಲು ಕೊಕ್ಕಿಸಾಂ, ಅನಂತರ ಕಿಡಿಯೊ, ಕೊನೆಗೆ ನೆವ್ರ್ಯೊ. ನೆವ್ರ್ಯೊ ಒಂದು ಬಿರಿದರೂ ಒಳಗಿನ ಎಳ್ಳು ಸಕ್ಕರೆಗಳು ಎಣ್ಣೆಯಲ್ಲಿ ಸೀದು ಉಳಿದ ತಿಂಡಿಗಳನ್ನು ಕೆಡಿಸುವುದರಿಂದ ಅದಕ್ಕೆ ಕೊನೆಯ ಸರದಿಯೇ ಸರಿ. ಹೂರಣದ ತೆಂಗಿನಕಾಯಿಯನ್ನು ಪಸೆಯಾರುವವರೆಗೆ ಹುರಿಯಬೇಕು. ಕರಿದುದು ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ತುಂಬಬೇಕು. ಕೆಟ್ಟುಹೋದ ಒಂದು ಡಬ್ಬಿಯ ಬೆಲೆಯೂ ಲೆಕ್ಕಕ್ಕೆ ಸೇರಿದ್ದೇ.

ಮೂರನೆಯದು ಕೊಳ್ಳುವ ಕ್ರಮ. ಕೆಡದ ಸಾಮಾನುಗಳಾದ ಮೈದಾ, ರವೆ, ಸಕ್ಕರೆ, ಎಳ್ಳು, ಏಲಕ್ಕಿಗಳನ್ನು ಡಿಸೆಂಬರಿನ ಮೊದಲ ವಾರದಲ್ಲಿಯೇ ತರಬೇಕು. ರಮ್ಮಿನಲ್ಲಿಯೋ ಹಣ್ಣಿನ ರಸದಲ್ಲಿಯೋ ನೆನೆಯಿಡುವ ಒಣಹಣ್ಣುಗಳಿಗೆ ನವೆಂಬರೇ ತಕ್ಕ ಕಾಲ. ತೆಂಗಿನಕಾಯಿ, ಮೊಟ್ಟೆ, ಬೆಣ್ಣೆಗಳು ಕೊನೆಗಿರಲಿ. 2025ರಲ್ಲಿ ಕರಾವಳಿಯಲ್ಲಿ ತೆಂಗಿನಕಾಯಿಯ ಬೆಲೆ ಏರಿದ ರೀತಿಯನ್ನು ಕಂಡವರು ಅದನ್ನು ಮನೆಯ ಹಿತ್ತಲ ವಸ್ತುವೆಂದು ಲೆಕ್ಕದಿಂದ ಬಿಡಲಾರರು. ಊಟದ ಮಾಂಸವನ್ನು ಎರಡು ವಾರ ಮುಂಚಿತವಾಗಿಯೇ, ಎಷ್ಟು ಕಿಲೋ ಎಂದು ನಿಶ್ಚಯಿಸಿ, ಕಟುಕನಿಗೆ ಹೇಳಿಡಬೇಕು. ಹಬ್ಬದ ಮುನ್ನಾದಿನ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತವರು ಬೇಕಾದುದನ್ನಲ್ಲ, ಸಿಕ್ಕಿದುದನ್ನು ತರುವರು. ಬೇಸಗೆಯ ಬಿಸಿಲಿನಲ್ಲಿ ಮೆಣಸಿನಕಾಯಿ ಕೊತ್ತಂಬರಿಗಳನ್ನು ಒಣಗಿಸಿ ಬಫಾತ್ ಪುಡಿಯನ್ನು ಮಾಡಿಟ್ಟ ಮನೆಯವರಿಗೆ ಮಸಾಲೆಯ ವೆಚ್ಚವೂ ಉಳಿಯುತ್ತದೆ.

ಇಷ್ಟಾದರೂ ಲೆಕ್ಕವು ತಪ್ಪುವುದು ದೊಡ್ಡ ಸಾಮಾನಿನಿಂದಲ್ಲ. "ಇನ್ನು ಸ್ವಲ್ಪ ಗೋಡಂಬಿ", "ಇನ್ನೊಂದು ಪೊಟ್ಟಣ ಎಣ್ಣೆ" ಎಂದು ಹೋದ ಏಳೆಂಟು ಸಣ್ಣ ಪ್ರಯಾಣಗಳಿಂದ. ಈಗ ಪಟ್ಟಣಗಳಲ್ಲಿ ಆ ಪ್ರಯಾಣವೂ ಬೇಕಿಲ್ಲ. ಮೊಬೈಲನ್ನು ಮುಟ್ಟಿದರೆ ಹತ್ತು ಹದಿನೈದು ನಿಮಿಷಗಳಲ್ಲಿ ಸಾಮಾನು ಬಾಗಿಲಿಗೆ ಬರುತ್ತದೆ, ಹಣವೂ ಕಣ್ಣಿಗೆ ಕಾಣದೆಯೇ ಹೋಗುತ್ತದೆ. ಈಗ ಕೊಂಡು ಮುಂದೆ ಕೊಡಬಹುದೆಂಬ ಆಮಿಷವೂ ಉಂಟು. ಇದು ಹಿಂದಿನ ಕಾಲದ ಉದ್ರಿ ಪುಸ್ತಕವೇ ಹೊರತು ಬೇರೆಯಲ್ಲ. ಆದುದರಿಂದ ಹಬ್ಬದ ಲಕೋಟೆಯಲ್ಲಿ ನಗದು ಹಣವನ್ನೇ ಇಟ್ಟು, ಮರೆತುದನ್ನೆಲ್ಲ ಗೋಡೆಯ ಮೇಲಿನ ಒಂದು ಚೀಟಿಯಲ್ಲಿ ಬರೆದು, ವಾರಕ್ಕೊಮ್ಮೆ ಮಾತ್ರ ಕೊಳ್ಳುವುದು ಲೇಸು. ವಾರ ತುಂಬುವ ಹೊತ್ತಿಗೆ ಆ ಚೀಟಿಯ ಎಷ್ಟೋ ಸಾಮಾನುಗಳು ಬೇಡವೆಂದು ತೋರುವುವು.

ಕೂಡಿಡುವ ವಿಷಯದಲ್ಲಿ ಇಂಗ್ಲೆಂಡಿನಿಂದ ಕಲಿಯತಕ್ಕ ಎರಡು ಪಾಠಗಳಿವೆ. ಎರಡನೆಯ ಮಹಾಯುದ್ಧದಲ್ಲಿ, 1940ರ ಜನವರಿ 8ರಿಂದ, ಅಲ್ಲಿ ಸಕ್ಕರೆ ಬೆಣ್ಣೆಗಳು ಪಡಿತರಕ್ಕೆ ಒಳಪಟ್ಟುವು. ಪಡಿತರವು ಪೂರ್ತಿಯಾಗಿ ನಿಂತುದು 1954ರ ಜುಲೈಯಲ್ಲಿ. ಅಷ್ಟು ವರ್ಷಗಳೂ ಅಲ್ಲಿನ ಗೃಹಿಣಿಯರು ವಾರದ ಪಾಲಿನಲ್ಲಿಯೇ ಚಿಟಿಕೆ ಚಿಟಿಕೆಯಾಗಿ ಉಳಿಸಿ, ಸಿಹಿ ಸಾಲದಿದ್ದಲ್ಲಿ ಗಜ್ಜರಿಯನ್ನು ತುರಿದು ಬೆರೆಸಿ, ಕ್ರಿಸ್ಮಸ್ಸನ್ನು ನಡೆಸಿದರು. ಇದು ಧೈರ್ಯದ ಪಾಠ. ಇನ್ನೊಂದು ಎಚ್ಚರಿಕೆಯ ಪಾಠ. ಅಲ್ಲಿ ಹಬ್ಬದ ಸಾಮಾನಿಗಾಗಿ ಜನರಿಂದ ವರ್ಷವಿಡೀ ಕಂತು ಪಡೆಯುತ್ತಿದ್ದ ಫೇರ್‌ಪ್ಯಾಕ್ ಎಂಬ ಸಂಸ್ಥೆಯು 2006ರ ಅಕ್ಟೋಬರಿನಲ್ಲಿ, ಹಬ್ಬಕ್ಕೆ ಎರಡೇ ತಿಂಗಳಿರುವಾಗ, ಮುಳುಗಿಹೋಯಿತು. ಲಕ್ಷಕ್ಕೆ ಮೇಲ್ಪಟ್ಟ ಸಾಮಾನ್ಯ ಜನರು ಕಟ್ಟಿದ್ದ ಸುಮಾರು 3.7 ಕೋಟಿ ಪೌಂಡು ಸಿಕ್ಕಿಕೊಂಡಿತು. ಬಹುಕಾಲದ ಮೇಲೆ ಅವರಿಗೆ ಮರಳಿದುದು ಅದರಲ್ಲಿ ಒಂದು ಭಾಗ ಮಾತ್ರ. ಕೂಡಿಡುವ ಗುಣ ಎಷ್ಟು ಒಳ್ಳೆಯದೋ, ಕೂಡಿಡುವ ಸ್ಥಳವನ್ನು ವಿಚಾರಿಸುವ ಗುಣವೂ ಅಷ್ಟೇ ಅವಶ್ಯ.

ನಮ್ಮಲ್ಲಿಯೂ ಚೀಟಿ ಕಟ್ಟುವ ರೂಢಿಯಿದೆ. ಕಟ್ಟುವವರು 1982ರ ಚಿಟ್ ಫಂಡ್ ಕಾಯಿದೆಯಂತೆ ನೋಂದಣಿಯಾದ ಚೀಟಿಯೋ ಎಂದು ಮೊದಲು ಕೇಳಿ ತಿಳಿಯಲಿ. ಅದಕ್ಕಿಂತಲೂ ನೆಮ್ಮದಿಯ ದಾರಿಯೆಂದರೆ ಬ್ಯಾಂಕಿನ ಆವರ್ತ ಠೇವಣಿ. ಮೇಲೆ ಹೇಳಿದ 4,500 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 375 ರೂಪಾಯಿ. ಡಿಸೆಂಬರಿನ ಮೊದಲ ವಾರದಲ್ಲಿ ಆರಂಭಿಸಿದ ಒಂದು ವರ್ಷದ ಠೇವಣಿಯು ಮುಂದಿನ ಡಿಸೆಂಬರಿನ ಮೊದಲ ವಾರಕ್ಕೆ, ಬೇಕಾದಾಗಲೇ, ಬಡ್ಡಿಯೊಡನೆ ಕೈಸೇರುತ್ತದೆ. ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕೊನೆಯದಾಗಿ ಒಂದು ಮಾತು. ಹಬ್ಬದ ಮರುದಿನ, ಡಿಸೆಂಬರ್ 26ರಂದು, ಲೆಕ್ಕದ ಪುಸ್ತಕವನ್ನು ಮತ್ತೊಮ್ಮೆ ತೆರೆಯಿರಿ. ಅಂದಾಜಿನ ಎದುರಿಗೆ ನಿಜವಾಗಿ ಆದ ವೆಚ್ಚವನ್ನು ಬರೆಯಿರಿ. ಒಂದು ಕಿಲೋ ಮೈದಾಕ್ಕೆ ಎಷ್ಟು ನೆವ್ರ್ಯೊಗಳಾದುವು, ಎಷ್ಟು ಎಣ್ಣೆ ಹಿಡಿಯಿತು, ಯಾವ ತಿಂಡಿ ಮಿಕ್ಕಿತು, ಯಾವ ಮನೆಯ ಹೆಸರನ್ನು ಹೊಸದಾಗಿ ಸೇರಿಸಬೇಕಾಯಿತು, ಇವೆಲ್ಲ ಅದೇ ಪುಟದಲ್ಲಿರಲಿ. ಮುಂದಿನ ವರ್ಷ ಯಾರ ಬುದ್ಧಿವಾದವೂ ನಿಮಗೆ ಬೇಕಾಗದು. ಆ ಒಂದು ಪುಟವೇ ದಾರಿ ತೋರಿಸುತ್ತದೆ.