ಮೂಲೆ ಸೇರಿದ ಸ್ಪೀಕರಿಗೆ ಮರುಜೀವ

ಕೆಡದಿದ್ದರೂ ಮೂಲೆ ಸೇರಿದ ಆಂಪ್ಲಿಫೈಯರ್, ಸ್ಪೀಕರುಗಳು ನಿಮ್ಮ ಮನೆಯಲ್ಲಿವೆಯೇ? ಗುಜರಿಗೆ ಕೊಡಬೇಡಿ.

2012ರಲ್ಲಿ ಲಾಜಿಟೆಕ್ ಕಂಪೆನಿಯು ಸ್ಕ್ವೀಝ್‌ಬಾಕ್ಸ್ ಎಂಬ ಸಂಗೀತ ಯಂತ್ರಗಳನ್ನು ನಿಲ್ಲಿಸಿತು. ಆದರೆ ಅವುಗಳ ಸರ್ವರ್ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಕೆದಾರರೇ ಅದನ್ನು ಉಳಿಸಿಕೊಂಡರು. ಇಂದು ಅದರ ಹೆಸರು ಲಿರಿಯನ್. ಅದೇ 2012ರಲ್ಲಿ, ಮಕ್ಕಳು ಕಂಪ್ಯೂಟರ್ ಕಲಿಯಲೆಂದು ಬ್ರಿಟನ್ನಿನಲ್ಲಿ ರೂಪುಗೊಂಡ ಅಂಗೈಯಗಲದ ರಾಸ್ಪ್‌ಬೆರಿ ಪೈ 35 ಡಾಲರಿಗೆ ಮಾರುಕಟ್ಟೆಗೆ ಬಂತು.

ಇವೆರಡನ್ನೂ ಜೋಡಿಸುವುದು ಕಷ್ಟವಲ್ಲ. ಮೆಮೊರಿ ಕಾರ್ಡಿಗೆ ಉಚಿತ ಪೈಕೋರ್‌ಪ್ಲೇಯರ್ ತುಂಬಿಸಿ. ಡಿಜಿಟಲ್ ಸಂಕೇತವನ್ನು ಧ್ವನಿಸಂಕೇತವಾಗಿಸುವ ಡಿಎಸಿ ಕಾರ್ಡನ್ನು ಪೈ ಮೇಲೆ ಕೂರಿಸಿ, ಆಂಪ್ಲಿಫೈಯರಿಗೆ ತಂತಿ ಕೊಡಿ. ಪೆನ್‌ಡ್ರೈವಿನ ಹಾಡುಗಳಿಗೆ ಮೊಬೈಲೇ ರಿಮೋಟ್. ತಂತ್ರಾಂಶವು ರ‍್ಯಾಮ್‌ನಲ್ಲೇ ನಡೆಯುವುದರಿಂದ ಹಠಾತ್ತನೆ ಕರೆಂಟು ಹೋದರೂ ಕಾರ್ಡು ಕೆಡುವ ಭಯ ಕಡಿಮೆ.

ಕಂಪೆನಿ ಕೈಬಿಟ್ಟದ್ದನ್ನು ನಮ್ಮ ಕೈಗಳೇ ಉಳಿಸಬಲ್ಲವು.