ಗುಜರಿಗೂ ಬೇಡವಾದ ಕಸ

ಸಂತೆಮಾಳದಲ್ಲಾಗಲಿ ಬಸ್ ನಿಲ್ದಾಣದಲ್ಲಾಗಲಿ ನೆಲದ ಮೇಲೆ ಬಿದ್ದಿರುವ ಕಸವನ್ನು ಗಮನವಿಟ್ಟು ನೋಡಿದರೆ, ಜನ ಎಸೆದ ವಸ್ತುಗಳಲ್ಲಿ ಯಾರೂ ಹೆಕ್ಕಿಕೊಳ್ಳದೆ ಬಿಟ್ಟ ಭಾಗವಷ್ಟೇ ಅಲ್ಲಿ ಉಳಿದಿರುವುದು ತಿಳಿಯುತ್ತದೆ. ನೀರಿನ ಬಾಟಲಿ, ರಟ್ಟು, ತಗಡು, ಹಾಲಿನ ಖಾಲಿ ಕವರುಗಳಿಗೆ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಬೆಲೆ ಸಿಗುವುದರಿಂದ ಚಿಂದಿ ಆಯುವವರು ಅವುಗಳನ್ನು ಒಯ್ಯುತ್ತಾರೆ. ಚಿಪ್ಸ್, ಬಿಸ್ಕತ್ತು, ಶಾಂಪೂಗಳ ಪೊಟ್ಟಣಗಳು ಬಿದ್ದಲ್ಲೇ ಬಿದ್ದಿರುತ್ತವೆ. ಬಹುಪದರದ ಪ್ಯಾಕಿಂಗ್ ಎಂದು ಕರೆಯಲಾಗುವ ಇಂಥ ಪೊಟ್ಟಣಗಳಲ್ಲಿ ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ ಹಾಳೆಗಳನ್ನೂ ಹಲವೊಮ್ಮೆ ಅಲ್ಯೂಮಿನಿಯಂನ ತೆಳು ಲೇಪವನ್ನೂ ಒಂದಕ್ಕೊಂದು ಅಂಟಿಸಿರುತ್ತಾರೆ; ಅವುಗಳನ್ನು ಬಿಡಿಸಲು ತಗಲುವ ಖರ್ಚು ಸಿಗುವ ವಸ್ತುವಿನ ಬೆಲೆಗಿಂತ ಹೆಚ್ಚಾಗುವುದರಿಂದ ಗುಜರಿಯವರು ಅವುಗಳ ಗೊಡವೆಗೆ ಹೋಗುವುದಿಲ್ಲ.

ಹೀಗೆ ಉಳಿದ ಕಸದ ಹಾನಿ ಕಣ್ಣಿಗೆ ಕಾಣುವ ಕೊಳಕಿಗಿಂತ ಬಹಳ ದೊಡ್ಡದು. ಮಳೆನೀರನ್ನು ಕೆರೆಗೆ ಒಯ್ಯಬೇಕಾದ ರಾಜಕಾಲುವೆಗಳು ಕಟ್ಟಿಕೊಂಡು ಬೆಂಗಳೂರಿನಂಥ ನಗರಗಳಲ್ಲಿ ನೀರು ಮನೆಗಳಿಗೆ ನುಗ್ಗುವುದರಲ್ಲಿ ಒತ್ತುವರಿಯ ಜೊತೆಗೆ ಈ ಕಸದ ಪಾಲೂ ಇದೆ. ಬಿಸಾಡಿದ ಲೋಟ, ಟೈರು, ಎಳನೀರಿನ ಬುರುಡೆಗಳಲ್ಲಿ ನಿಂತ ತಿಳಿನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಅದರ ಮೊಟ್ಟೆಗಳು ನೀರು ಆರಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು.

ದನಗಳ ಪಾಡು ಇನ್ನೂ ಕಷ್ಟದ್ದು. ಉಳಿದ ಅನ್ನವನ್ನೋ ತರಕಾರಿ ಸಿಪ್ಪೆಯನ್ನೋ ಕವರಿನಲ್ಲಿ ಗಂಟು ಕಟ್ಟಿ ಎಸೆದಾಗ, ನಾಲಿಗೆಯಿಂದ ಬಾಚಿ ನುಂಗುವ ಸ್ವಭಾವದ ಹಸು ಗಂಟು ಸಮೇತ ಅದನ್ನು ಒಳಗಿಳಿಸುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ದೊಡ್ಡ ಕೋಣೆಯಾದ ರೂಮೆನ್‌ನಿಂದ ನುಣ್ಣಗಾದ ಆಹಾರ ಮಾತ್ರ ಮುಂದಿನ ಕೋಣೆಗೆ ಸಾಗುವುದರಿಂದ, ಜೀರ್ಣವಾಗದ ಪ್ಲಾಸ್ಟಿಕ್ ಅಲ್ಲಿಯೇ ಉಳಿದು, ವರ್ಷಗಳ ಕಾಲ ಒಂದಕ್ಕೊಂದು ಹೆಣೆದುಕೊಂಡು ಹತ್ತಾರು ಕಿಲೋ ತೂಗುವ ಮುದ್ದೆಯಾಗುವುದುಂಟು. ಹೊಟ್ಟೆ ತುಂಬಿದಂತಿದ್ದೂ ಪೋಷಣೆಯಿಲ್ಲದ ದನ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಪಶುವೈದ್ಯರು ಪಕ್ಕೆ ಕೊಯ್ದು ಮುದ್ದೆಯನ್ನು ಹೊರತೆಗೆಯುವುದರ ಹೊರತು ಬೇರೆ ದಾರಿ ಉಳಿಯುವುದಿಲ್ಲ. ಗೋಪೂಜೆ ಮಾಡುವ ಊರುಗಳಲ್ಲೂ ಇದೇ ಸ್ಥಿತಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾತ್ರದಲ್ಲಿ ಅತಿ ಚಿಕ್ಕದೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಿಗರೇಟಿನ ತುಂಡೂ ನಿರುಪದ್ರವಿಯಲ್ಲ. ಹತ್ತಿಯಂತೆ ಕಾಣುವ ಅದರ ಫಿಲ್ಟರ್ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಎಳೆಗಳಿಂದಾದದ್ದು. ಸೇದಿ ಬಿಟ್ಟ ಒಂದು ತುಂಡಿನ ಸಾರ ಒಂದು ಲೀಟರ್ ನೀರಿಗೆ ಇಳಿದರೆ ಅದರಲ್ಲಿಟ್ಟ ಮೀನುಗಳಲ್ಲಿ ಸುಮಾರು ಅರ್ಧದಷ್ಟು ಸಾಯುತ್ತವೆಂದು 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತು.

ಕಾನೂನುಗಳಿಗೆ ಕೊರತೆಯಿಲ್ಲ. ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುವುದನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್‌ನಿಂದ ತಡೆಯಿತು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧ ಬಂತು. ಆದರೆ ರಸ್ತೆಯಂಚಿನಲ್ಲಿ ಹೆಚ್ಚಾಗಿ ಕಾಣುವ ತಿಂಡಿ ಪೊಟ್ಟಣ ಈ ಪಟ್ಟಿಗಳಲ್ಲಿಲ್ಲ. ದಂಡವಾದರೋ ಎಸೆಯುವ ಕೈಯನ್ನು ಯಾರಾದರೂ ಕಣ್ಣಾರೆ ಕಂಡಾಗ ಮಾತ್ರ ಕೆಲಸ ಮಾಡುತ್ತದೆ.

ಆದ್ದರಿಂದ ಕಸಕ್ಕೆ ಬೆಲೆ ಕಟ್ಟುವ ಉಪಾಯಕ್ಕೆ ಹೆಚ್ಚಿನ ಬಲವಿದೆ. ತಂಪು ಪಾನೀಯದ ಗಾಜಿನ ಬಾಟಲಿಗೆ ಅಂಗಡಿಯವರು ಠೇವಣಿ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಆ ಬಾಟಲಿಗಳು ಚರಂಡಿ ಸೇರುತ್ತಿದ್ದುದು ಅಪರೂಪ. ಜರ್ಮನಿ 2003ರಲ್ಲಿ ಒಮ್ಮೆ ಬಳಸುವ ಬಾಟಲಿ, ಡಬ್ಬಿಗಳಿಗೂ ಇದೇ ಕ್ರಮವನ್ನು ಕಡ್ಡಾಯಗೊಳಿಸಿದ ಮೇಲೆ ಅಲ್ಲಿ ಅವುಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮರಳುತ್ತಿವೆ. ಬಂಡೀಪುರಕ್ಕೆ ತಾಗಿಕೊಂಡ ನೀಲಗಿರಿ ಜಿಲ್ಲೆಯಲ್ಲಿ, ಕಾಡಿನಂಚಿನಲ್ಲಿ ಒಡೆದು ಬಿದ್ದ ಮದ್ಯದ ಬಾಟಲಿಗಳ ಚೂರು ಆನೆಗಳ ಮೆತ್ತನೆಯ ಅಂಗಾಲನ್ನು ಸೀಳುವುದನ್ನು ಗಂಭೀರವಾಗಿ ಪರಿಗಣಿಸಿದ ಮದ್ರಾಸ್ ಹೈಕೋರ್ಟ್‌ನ ಸೂಚನೆಯಂತೆ, 2022ರಿಂದ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಅದನ್ನು ಹಿಂದಿರುಗಿಸತೊಡಗಿದವು. ಬಹುಪಾಲು ಬಾಟಲಿಗಳು ಮರಳಿ ಬಂದವು. ಕುಡಿದವನು ತರದೆ ಬಿಟ್ಟರೂ 10 ರೂಪಾಯಿಗಾಗಿ ಇನ್ನೊಬ್ಬ ಹೆಕ್ಕುತ್ತಾನೆ ಎಂಬುದೇ ಇದರ ಒಳಗುಟ್ಟು.

ಕರ್ನಾಟಕದಲ್ಲಿ ಚಿಲ್ಲರೆ ಮದ್ಯ ಮಾರಾಟ ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲಿರುವುದರಿಂದ ಖಾಲಿ ಬಾಟಲಿಗಳನ್ನು ಇಡುವ ಜಾಗ ಮತ್ತು ಎಣಿಸುವ ಆಳುಗಳ ಪ್ರಶ್ನೆ ತಮಿಳುನಾಡಿಗಿಂತ ಹೆಚ್ಚು ತೊಡಕಿನದು. ಆದರೆ ಸಗಟು ಸರಬರಾಜು ರಾಜ್ಯ ಪಾನೀಯ ನಿಗಮದ ಡಿಪೋಗಳ ಮೂಲಕವೇ ಆಗುತ್ತಿರುವಾಗ, ಚಾಮರಾಜನಗರ, ಕೊಡಗುಗಳಂಥ ಕಾಡಂಚಿನ ಜಿಲ್ಲೆಗಳಲ್ಲಿ ಇದನ್ನು ಆರಂಭಿಸಲು ಬೇಕಾದ ಹಾದಿ ಅರ್ಧ ಸಿದ್ಧವಾಗಿಯೇ ಇದೆ.