ಎಲ್ಲವೂ ‘ಕ್ಷಣಿಕ’ವೇ?

ಟೆಂಪೊರರಿ, ಎಫೆಮರಲ್, ಫ್ಲೀಟಿಂಗ್, ಟ್ರಾನ್ಸಿಯೆಂಟ್ – ಇಂಗ್ಲಿಷಿನ ಈ ಪದಗಳಿಗೆ ನಾವು ‘ಕ್ಷಣಿಕ’ ಅಥವಾ ‘ತಾತ್ಕಾಲಿಕ’ ಎಂದು ಅರ್ಥ ಬರೆದುಕೊಂಡು ಮುಂದೆ ಸಾಗುತ್ತೇವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಟೆಂಪೊರರಿ ಎಂಬಲ್ಲಿ ಮನುಷ್ಯನ ಏರ್ಪಾಡು ಉಂಟು: ಹುದ್ದೆ, ಸೇತುವೆ, ವಿಳಾಸ. ಮುಂದೆ ಬೇರೊಂದು ಬರಲಿದೆ ಎಂಬ ಸೂಚನೆಯೂ ಅದರಲ್ಲಿದೆ. ‘ಎಫೆಮರಲ್ ಹುದ್ದೆ’ ಎಂದರೆ ಓದುವವರು ನಕ್ಕಾರು.

ಎಫೆಮರಲ್ ಗ್ರೀಕ್ ಮೂಲದ್ದು. ‘ಒಂದು ದಿನದ’ ಎಂಬುದು ಅದರ ಮೂಲಾರ್ಥ. ಮೇಫ್ಲೈ ಕೀಟಗಳ ಗಣಕ್ಕೆ ಎಫೆಮೆರಾಪ್ಟೆರಾ ಎಂಬ ಹೆಸರು ಬಂದದ್ದು ಇದರಿಂದಲೇ. ಪ್ರೌಢ ಕೀಟ ಆಹಾರ ತಿನ್ನುವುದಿಲ್ಲ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಅದಕ್ಕೆ ಮುನ್ನ ಹಲವು ಜಾತಿಗಳು ನೀರಿನಲ್ಲಿ ಮರಿಗಳಾಗಿ ತಿಂಗಳುಗಟ್ಟಲೆ ಬದುಕಿರುತ್ತವೆ. ಹೆಸರಿಟ್ಟವರು ಆ ಲೆಕ್ಕ ಹಿಡಿಯಲಿಲ್ಲ!

ಫ್ಲೀಟಿಂಗ್‌ನಲ್ಲಿ ವೇಗ ಮುಖ್ಯ: ಮಿಂಚಿ ಮರೆಯಾದ ನಗು, ಓಡುವ ರೈಲಿನಿಂದ ಕಂಡ ಊರು. ಇಬ್ಬನಿಯಂತೆ ಮೆಲ್ಲಗೆ ಕರಗುವುದಾದರೆ ಇವನೆಸೆಂಟ್ ಎನ್ನಬೇಕು.

ಟ್ರಾನ್ಸಿಯೆಂಟ್ ಲ್ಯಾಟಿನ್ನಿನ ‘ದಾಟಿಹೋಗು’ ಎಂಬ ಧಾತುವಿನಿಂದ ಬಂದದ್ದು. ವೈದ್ಯರು ‘ಟ್ರಾನ್ಸಿಯೆಂಟ್ ಇಸ್ಕೀಮಿಕ್ ಅಟ್ಯಾಕ್’ ಎನ್ನುವುದುಂಟು. ಮೆದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ತುಸುಹೊತ್ತು ತಡೆಯುತ್ತದೆ. ಮಾತು ತೊದಲುತ್ತದೆ, ಕೈ ಸೋಲುತ್ತದೆ. ಹೆಚ್ಚಾಗಿ ಒಂದು ಗಂಟೆಯೊಳಗೆ ಸರಿಹೋಗುತ್ತದೆ. ಇಲ್ಲಿ ದಾಟಿಹೋದದ್ದು ಲಕ್ಷಣ ಮಾತ್ರ, ಅಪಾಯವಲ್ಲ. ಮುಂದಿನ ಕೆಲವೇ ದಿನಗಳಲ್ಲಿ ಪಾರ್ಶ್ವವಾಯು ಬಡಿಯುವ ಸಂಭವ ಹೆಚ್ಚು. ಮನೆಯ ಹಿರಿಯರಿಗೆ ಹೀಗಾದಾಗ ‘ತಾತ್ಕಾಲಿಕವಂತೆ’ ಎಂದು ಅನುವಾದಿಸಿ ಸುಮ್ಮನಿರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.